ಕೆನಡಾ ಪೌರತ್ವಕ್ಕೆ ಅರ್ಜಿ ಹಾಕಬೇಕು, ಮನೆಯವರಿಗೆ ಆಸ್ಟ್ರೇಲಿಯಾ ಪಿಆರ್ ಕೂಡ ಇದೆ. ತೊಂದರೆ ಆಗುತ್ತಾ?

ಕೋಥ್ರೂಡ್ ಕನ್ನಡತಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ತವರು ಹಾವೇರಿ ಕಡೆ. ಮದುವೆಯಾಗಿ ಬಂದದ್ದು ಪುಣೆಗೆ. 2021ರ ಜುಲೈ 12ಕ್ಕೆ ನಾವಿಬ್ಬರೂ ಪಿಆರ್ (ಅಲ್ಲೇ ಕಾಯಂ ಆಗಿ ಇರುವ ಅನುಮತಿ) ಮೇಲೆ ಕೆನಡಾಕ್ಕೆ ಹೋದೆವು. ಬ್ರಾಂಪ್ಟನ್‌ನಲ್ಲಿ ಮನೆ ಮಾಡಿದ್ದೆವು. 2022ರಲ್ಲಿ ಮಗಳು ಅಲ್ಲೇ ಹುಟ್ಟಿದಳು. 2024ರ ನವೆಂಬರ್‌ನಲ್ಲಿ ಮಾವನಿಗೆ ಲಕ್ವ ಹೊಡೆಯಿತು. ಅತ್ತೆ ಒಬ್ಬರೇ. 20ನೇ ತಾರೀಖು ವಿಮಾನ ಹತ್ತಿದೆವು. ಮಹಾರಾಷ್ಟ್ರ ವಿಧಾನಸಭೆಗೆ ಮತದಾನ ನಡೆದ ದಿನವೇ ಅದು, ಹಾಗಾಗಿ ತಾರೀಖು ಮರೆತಿಲ್ಲ. ಮೂರು ತಿಂಗಳಿಗೆ ಅಂತ ಬಂದವರು, ಈಗ ಹದಿನೈದು ತಿಂಗಳಾಯಿತು. ಮಾವನ ಬಲಗೈ ಇನ್ನೂ ಪೂರ್ತಿ ಮೇಲೇಳುವುದಿಲ್ಲ. ಸದ್ಯಕ್ಕೆ ಬಿಟ್ಟು ಹೋಗುವ ಮಾತೇ ಇಲ್ಲ.

ಈಗ ವಿಷಯ. ಪೌರತ್ವಕ್ಕೆ ಕೆನಡಾದಲ್ಲಿ 1,095 ದಿನ ಇದ್ದಿರಬೇಕು ಅಲ್ವಾ. ನನ್ನ ಲೆಕ್ಕದಲ್ಲಿ 1,151 ದಿನ ಆಗಿದೆ. ನಡುವೆ ಎರಡು ಸಲ ಊರಿಗೆ ಬಂದ 77 ದಿನ ಕಳೆದಿದ್ದೇನೆ. ದಿನ ಆಗಿಹೋಗಿದೆಯಲ್ಲ, ಮಾವ ಚೇತರಿಸಿಕೊಂಡ ಮೇಲೆ ಒಂದೆರಡು ವರ್ಷ ಬಿಟ್ಟು ಅರ್ಜಿ ಹಾಕಿದರಾಯಿತು ಅಂತ ಇದ್ದೆವು. ಆದರೆ ನಮ್ಮ ಮನೆಯವರಿಗೆ 2022ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ ಪಿಆರ್ ಕೂಡ ಬಂತು. ಮುಂಚೆ ಹಾಕಿದ್ದ ಅರ್ಜಿ ಅದು. 2023ರಲ್ಲಿ 20 ದಿನ ಮೆಲ್ಬರ್ನ್‌ಗೆ ಹೋಗಿ ಬಂದರು. ಒಂದು ದೇಶದ ಪಿಆರ್ ಕೈಯಲ್ಲಿ ಇಟ್ಟುಕೊಂಡು ಇನ್ನೊಂದು ದೇಶದ ಪೌರತ್ವ ಕೇಳಿದರೆ ಬೇಡ ಅನ್ನುತ್ತಾರಾ? ಅದನ್ನು ಮೊದಲೇ ಬಿಟ್ಟುಕೊಡಬೇಕಾ?

ಇನ್ನೊಂದು ಮಾತು. ನಾನು ಅಪ್ಪನಿಗೆ ಒಬ್ಬಳೇ ಮಗಳು. ನಾಲ್ಕು ಎಕರೆ ಹೊಲ ಇದೆ. ಪಾಸ್‌ಪೋರ್ಟ್ ಬದಲಾದರೆ ಹೊಲ ಕೈ ಬಿಡುತ್ತದೆ ಅಂತ ಊರಲ್ಲಿ ಒಬ್ಬರು ಹೆದರಿಸಿದ್ದಾರೆ. ಆ ದಿನದಿಂದ ಸರಿಯಾಗಿ ನಿದ್ದೆ ಇಲ್ಲ.

ಠಾಣೆ ಸುತ್ತಾಟ
ಆಸ್ಟ್ರೇಲಿಯಾ ಪಿಆರ್ ರದ್ದು ಮಾಡಿಸಲೇಬೇಕು. ಎರಡು ದೋಣಿ ಮೇಲೆ ಕಾಲಿಡಲು ಯಾರೂ ಬಿಡುವುದಿಲ್ಲ.

ಔಂಧ್ ಅಣ್ಣ
ತಪ್ಪು ಮಾಹಿತಿ ಕೊಡಬೇಡಿ. ನಾನೇ ಆ ಅರ್ಜಿ ತುಂಬಿ ಪೌರತ್ವ ತೆಗೆದುಕೊಂಡವನು. ಬೇರೆ ದೇಶದ ಪಿಆರ್ ಇದೆ ಅಂತ ಕೆನಡಾ ಅರ್ಜಿ ತಳ್ಳಿಹಾಕುವುದಿಲ್ಲ. ಅಲ್ಲಿನ ಕಾನೂನು ನೋಡುವುದು ನೀವು ಅಲ್ಲಿ ಇದ್ದ ದಿನ, ಕಟ್ಟಿದ ತೆರಿಗೆಯ ಲೆಕ್ಕಪತ್ರ, ಭಾಷೆ, ಪರೀಕ್ಷೆ. ಆದರೆ ಬೇರೆ ಯಾವ ದೇಶದಲ್ಲಿ ಯಾವ ಸ್ಥಾನಮಾನ ಇತ್ತು, ಇದೆ ಅಂತ ಅರ್ಜಿಯಲ್ಲೇ ಕೇಳುತ್ತಾರೆ. ಅಲ್ಲಿ ಆಸ್ಟ್ರೇಲಿಯಾ ಅಂತ ಬರೆಯಲೇಬೇಕು. ಮುಚ್ಚಿಟ್ಟರೆ ಸುಳ್ಳು ಮಾಹಿತಿ ಕೊಟ್ಟ ಹಾಗೆ, ಐದು ವರ್ಷ ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ಪೌರತ್ವ ಸಿಕ್ಕಿದ ಮೇಲೆ ಗೊತ್ತಾದರೆ ಅದನ್ನೂ ಕಿತ್ತುಕೊಳ್ಳಬಹುದು.

ಠಾಣೆ ಸುತ್ತಾಟ
ಸರಿ ಅಣ್ಣ, ನಾನು ಕೇಳಿದ್ದು ಬೇರೆ. ಬರೆದದ್ದು ವಾಪಸ್ ತೆಗೆದುಕೊಳ್ಳುತ್ತೇನೆ.

ಲೆಕ್ಕದ ಮೇಷ್ಟ್ರು, ಚಿಂಚವಾಡ
ಕನ್ನಡತಿ ತಾಯಿ, ಆಸ್ಟ್ರೇಲಿಯಾ ವಿಷಯ ಪಕ್ಕಕ್ಕಿಡಿ. ನೀವು ಬರೆದಿದ್ದರಲ್ಲಿ ಅದಕ್ಕಿಂತ ದೊಡ್ಡ ತಪ್ಪು ಒಂದಿದೆ. "ಒಂದೆರಡು ವರ್ಷ ಬಿಟ್ಟು" ಅಂದಿರಲ್ಲ, ಆಗ ನಿಮ್ಮ ಕೈಯಲ್ಲಿ ಅಷ್ಟು ದಿನ ಇರುವುದಿಲ್ಲ.

1,095 ದಿನ ಆಗಿರಬೇಕಾದದ್ದು ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ ಎಣಿಸಿದ ಐದು ವರ್ಷದೊಳಗೆ. ಎತ್ತು ಮುಂದೆ ಹೋದಷ್ಟೂ ಗಾಡಿಯೂ ಮುಂದೆ ಬರುತ್ತದೆ. ಅರ್ಜಿಯ ದಿನ ಮುಂದಕ್ಕೆ ಹೋದರೆ ಲೆಕ್ಕ ಶುರುವಾಗುವ ದಿನವೂ ಮುಂದಕ್ಕೆ ಬರುತ್ತದೆ. ನೀವು ಹೋದದ್ದು 2021ರ ಜುಲೈ 12. ಅಂದರೆ 2026ರ ಜುಲೈ 12ರ ತನಕ ಒಂದು ದಿನವೂ ಕಳೆಯುವುದಿಲ್ಲ. ಅಲ್ಲಿಂದ ಆಚೆಗೆ ಪುಣೆಯಲ್ಲಿ ಕೂತ ಪ್ರತಿ ದಿನಕ್ಕೂ ಕೆನಡಾದ ಒಂದು ದಿನ ಉದುರುತ್ತಾ ಹೋಗುತ್ತದೆ.

ಈಗ ಒಂದು ಸಂತೋಷದ ವಿಷಯ. ನೀವು ಹೊರಟ ದಿನ, ವಾಪಸ್ ಬಂದ ದಿನ ಎರಡನ್ನೂ ಹೊರಗಿದ್ದ ದಿನ ಅಂತ ಕಳೆದಿದ್ದೀರಾ? ಆ ಎರಡೂ ಕೆನಡಾದಲ್ಲಿ ಇದ್ದ ದಿನಗಳೇ.

ಕೋಥ್ರೂಡ್ ಕನ್ನಡತಿ
ಮೇಷ್ಟ್ರೇ, ಓದಿ ಕೈ ತಣ್ಣಗಾಯಿತು. ಹೌದು, ಎರಡನ್ನೂ ಕಳೆದಿದ್ದೆ. ಒಂದು ಸಲ 25, ಇನ್ನೊಂದು ಸಲ 52.

ಲೆಕ್ಕದ ಮೇಷ್ಟ್ರು, ಚಿಂಚವಾಡ
ಹಾಗಾದರೆ 77ರಲ್ಲಿ 4 ಕಡಿಮೆ, 73. ಜುಲೈ 12, 2021ರಿಂದ ನವೆಂಬರ್ 20, 2024ರ ತನಕ, ಎರಡೂ ದಿನ ಸೇರಿ 1,228. ಅದರಲ್ಲಿ 73 ಹೋದರೆ 1,155. ನಿಮ್ಮ ಕೈಯಲ್ಲಿ ಜಾಸ್ತಿ ಇರುವುದು 60 ದಿನ. ಜುಲೈ 12ರಿಂದ 60 ದಿನ ಎಣಿಸಿದರೆ ಸೆಪ್ಟೆಂಬರ್ 10. ನಿಮ್ಮ ಯಜಮಾನರ ಮೆಲ್ಬರ್ನ್‌ನ 20 ದಿನ ಕಳೆದರೆ ಅವರಿಗೆ ಉಳಿಯುವುದು 40. ಅವರ ಗಡುವು ಆಗಸ್ಟ್ 21. ಆದರೆ ಕೊನೆಯ ದಿನಕ್ಕೆ ಕಾಯಬೇಡಿ. ಪಾಸ್‌ಪೋರ್ಟ್‌ನ ಮುದ್ರೆಗೂ ನಿಮ್ಮ ನೆನಪಿಗೂ ಒಂದೆರಡು ದಿನ ವ್ಯತ್ಯಾಸ ಇದ್ದೇ ಇರುತ್ತದೆ. ಜೂನ್ ಒಳಗೆ ಕಳುಹಿಸಿ.

ಸೋಲಾಪುರ ರಸ್ತೆ
ನಾನು ಮೊದಲು ಎರಡು ವರ್ಷ ವಿದ್ಯಾರ್ಥಿಯಾಗಿದ್ದೆ, ಆಮೇಲೆ ಪಿಆರ್. ಆ ದಿನಗಳು ಲೆಕ್ಕಕ್ಕೆ ಬರುತ್ತಾ?

ಔಂಧ್ ಅಣ್ಣ
ಬರುತ್ತವೆ, ಒಂದು ದಿನಕ್ಕೆ ಅರ್ಧ ದಿನ. ಎಲ್ಲಾ ಸೇರಿ 365 ದಿನದ ಮೇಲೆ ಸಿಗುವುದಿಲ್ಲ. ಅವೂ ಆ ಐದು ವರ್ಷದೊಳಗೇ ಇರಬೇಕು.

ಡೊಂಬಿವಲಿ ರಾಯರು
ಇಷ್ಟೆಲ್ಲಾ ಯಾಕೆ ಗಾಬರಿ? ಹೊರದೇಶದಲ್ಲಿರುವ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಅಂದರೆ ಎರಡೂ ದೇಶದ ಪೌರತ್ವ ಇದ್ದ ಹಾಗೇ ಅಲ್ವಾ. ಭಾರತದ್ದೂ ಇಟ್ಟುಕೊಂಡು ಕೆನಡಾದ್ದೂ ತಗೊಳ್ಳಿ.

ಪಿಂಪ್ರಿ ಸಿಎ
ರಾಯರೇ, ದೊಡ್ಡವರು ನೀವು, ಬೇಸರ ಮಾಡಿಕೊಳ್ಳಬೇಡಿ. ಇದು ಪೂರ್ತಿ ತಪ್ಪು. ನನ್ನ ಹತ್ತಿರ ಬರುವ ಹತ್ತರಲ್ಲಿ ಆರು ಜನ ಇದನ್ನೇ ನಂಬಿಕೊಂಡು ಬರುತ್ತಾರೆ.

1955ರ ಪೌರತ್ವ ಕಾಯ್ದೆಯ 9ನೇ ಕಲಂ ಓದಿ. ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. ಅರ್ಜಿ ಹಾಕಿದಾಗ ಅಲ್ಲ, ಅಲ್ಲಿ ಪ್ರಮಾಣ ವಚನ ಹೇಳಿದಾಗ. ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಅದಕ್ಕೆ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಹಳೆ ಪಾಸ್‌ಪೋರ್ಟ್ ಮೇಲೆ ಪ್ರಯಾಣ ಮಾಡಿದರೆ ದಂಡ ಬೀಳುತ್ತದೆ. ಒಸಿಐ ಅಂದರೆ ಬದುಕಿರುವ ತನಕ ಬಂದು ಹೋಗಬಹುದಾದ, ಇಲ್ಲಿ ಇರಬಹುದಾದ, ಕೆಲಸ ಮಾಡಬಹುದಾದ ಅನುಕೂಲ. ವೋಟು ಇಲ್ಲ. ಚುನಾವಣೆಗೆ ನಿಲ್ಲುವ ಹಾಗಿಲ್ಲ. ಸಾಮಾನ್ಯವಾಗಿ ಸರ್ಕಾರಿ ನೌಕರಿ ಇಲ್ಲ. ಹೊಲ, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ.

ಇನ್ನು ಕನ್ನಡತಿ ಅವರ ನಾಲ್ಕು ಎಕರೆ. ಕೊಳ್ಳುವುದು ಬೇರೆ, ಅಪ್ಪನಿಂದ ಬರುವುದು ಬೇರೆ. ಒಸಿಐ ಇದ್ದವರಿಗೂ ಕೃಷಿ ಜಮೀನು ವಾರಸುದಾರಿಕೆಯಿಂದ ಬರಬಹುದು, ಇಟ್ಟುಕೊಳ್ಳಬಹುದು. ಮಾರುವಾಗ ಮಾತ್ರ ಭಾರತದಲ್ಲೇ ಇರುವ ಭಾರತೀಯ ಪ್ರಜೆಗೆ ಮಾರಬೇಕು. ಹೊಲ ಕೈ ಬಿಡುತ್ತದೆ ಅಂದವರು ನಿಮ್ಮನ್ನು ಸುಮ್ನೆ ಹೆದರಿಸಿದ್ದಾರೆ. ಇಲ್ಲವೇ ಅವರಿಗೆ ಆ ಹೊಲದ ಮೇಲೆ ಕಣ್ಣಿರಬಹುದು. ಅಪ್ಪ ಇರುವಾಗಲೇ ಉಯಿಲು ಬರೆಸಿ ನೋಂದಣಿ ಮಾಡಿಸಿ, ಉತಾರದಲ್ಲಿ (ಪಹಣಿ) ಹೆಸರು ಸರಿಯಾಗಿದೆಯಾ ನೋಡಿಕೊಳ್ಳಿ.

ಕೋಥ್ರೂಡ್ ಕನ್ನಡತಿ
ಸರ್, ಈ ಒಂದು ಉತ್ತರಕ್ಕೆ ನಿಮಗೆ ಎಷ್ಟು ನಮಸ್ಕಾರ ಹೇಳಿದರೂ ಸಾಲದು. ಈಗಲೇ ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ.

ಡೊಂಬಿವಲಿ ರಾಯರು
ಒಪ್ಪಿಕೊಂಡೆ, ನನಗೆ ಗೊತ್ತಿರಲಿಲ್ಲ. ಆದರೆ ಹಾಗಾದರೆ ನನ್ನ ಅಭಿಪ್ರಾಯ ಇನ್ನೂ ಗಟ್ಟಿಯಾಯಿತು. ವೋಟೇ ಇಲ್ಲದ ಮೇಲೆ ಯಾಕೆ ಬಿಡಬೇಕು ನಮ್ಮ ಪಾಸ್‌ಪೋರ್ಟನ್ನು? 1971ರಿಂದ ಒಂದು ಚುನಾವಣೆ ತಪ್ಪಿಸಿಲ್ಲ ನಾನು. ಮೊಣಕಾಲು ನೋವಿದ್ದರೂ ಮೂರನೇ ಮಹಡಿಯಿಂದ ಇಳಿದು ಹೋಗಿದ್ದೇನೆ. ಅದು ನಮ್ಮ ಹಕ್ಕು.

ಹಿಂಜವಡಿ ಟೆಕ್ಕಿ
ಅಂಕಲ್, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಪ್ರತಿ ದೇಶಕ್ಕೂ ವೀಸಾಗೆ ಸಾಲು ನಿಲ್ಲುವುದು, ಪ್ರತಿ ಸಲ ಬ್ಯಾಂಕ್ ಲೆಕ್ಕ ತೋರಿಸುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೆ ಗೊತ್ತು. ಪಾಸ್‌ಪೋರ್ಟ್ ಬದಲಾದರೆ ಮನಸ್ಸು ಬದಲಾಗುತ್ತದಾ? ನಾನು ಇರುವುದು ಪುಣೆಯಲ್ಲಿ ಅಂತ ನಾನು ಕನ್ನಡಿಗ ಅಲ್ಲ ಅನ್ನುತ್ತೀರಾ?

ಡೊಂಬಿವಲಿ ರಾಯರು
ಊರು ಬಿಟ್ಟು ಊರಿಗೆ ಬರುವುದಕ್ಕೂ ದೇಶ ಬಿಡುವುದಕ್ಕೂ ವ್ಯತ್ಯಾಸ ಇಲ್ವೇನಪ್ಪಾ?

ಮಾಟುಂಗಾ ಹೋಟೆಲ್
ಜಗಳ ಬೇಡ ಮಾರಾಯ್ರೇ. ನಮ್ಮ ಮನೆಯ ವಿಷಯ ಹೇಳುತ್ತೇನೆ. ಮಗ ಸಿಂಗಾಪುರದಲ್ಲಿ, ಪಿಆರ್ ಇದೆ. ಮೊಮ್ಮಗನಿಗೂ ಅಪ್ಪನ ಜೊತೆ ಪಿಆರ್ ಆಯಿತು, ಈಗ ಅವನಿಗೆ 14. ಅಲ್ಲಿ ಹೀಗೆ ಅಪ್ಪ ಅಮ್ಮನ ಮೂಲಕ ಪಿಆರ್ ಬಂದ ಗಂಡುಮಕ್ಕಳು 18ಕ್ಕೆ ಎರಡು ವರ್ಷ ರಾಷ್ಟ್ರಸೇವೆ ಮಾಡಲೇಬೇಕು. ಮಾಡದೆ ಪಿಆರ್ ಬಿಟ್ಟರೆ ಮುಂದೆ ಅಲ್ಲಿ ಓದಲು, ಕೆಲಸಕ್ಕೆ ಹೋಗಲು ಅಡ್ಡ ಬರಬಹುದು. ಪಿಆರ್ ತಗೊಳ್ಳುವಾಗ ಮಗು ಸಣ್ಣದು, ಯಾರೂ 18 ವರ್ಷದ ಮುಂದೆ ನೋಡುವುದಿಲ್ಲ. ಈಗ ಸೊಸೆ ದಿನಾ ಫೋನ್‌ನಲ್ಲಿ ಕಣ್ಣೀರು ಹಾಕುತ್ತಾಳೆ. ಮೊಮ್ಮಗ ಮಾತ್ರ ನಾನು ಮಾಡುತ್ತೇನೆ ಅಜ್ಜಾ ಅನ್ನುತ್ತಾನೆ. ಸಿಂಗಾಪುರ ಪೌರತ್ವ ಕೊಟ್ಟರೆ ಬೇರೆ ದೇಶದ ಪೌರತ್ವ ಇಟ್ಟುಕೊಳ್ಳಲು ಬಿಡುವುದೂ ಇಲ್ಲ. ಆದ್ದರಿಂದ ತಂಗಿ, ನಿಮ್ಮ ಮಗಳಿಗೆ ಮುಂದೆ ಏನಾಗುತ್ತದೆ ಅಂತಲೂ ಈಗಲೇ ಕೂತು ಯೋಚನೆ ಮಾಡಿ.

ಕೋಥ್ರೂಡ್ ಕನ್ನಡತಿ
ಅಣ್ಣ, ಮಗಳು ಹುಟ್ಟಿನಿಂದಲೇ ಕೆನಡಾ ಪ್ರಜೆ. ಒಸಿಐ ಮಾಡಿಸಿಕೊಂಡೇ ಕರೆದುಕೊಂಡು ಬಂದೆವು. ಇಲ್ಲಿ ಮನೆಯಲ್ಲಿ ಕನ್ನಡ, ಕೆಳಗೆ ಆಟಕ್ಕೆ ಹೋದರೆ ಮರಾಠಿ. ಅಜ್ಜನ ಕೈಗೆ ಚೆಂಡು ಕೊಟ್ಟು "ಹಿಸುಕು ಅಜ್ಜಾ" ಅಂತ ವ್ಯಾಯಾಮ ಮಾಡಿಸುವವಳು ಅವಳೇ.

ಗಣೇಶನಗರ ಅಮ್ಮ
ಚೆಂಡಿನ ಮಾತು ಓದಿ ಕಣ್ಣು ತುಂಬಿತು. ನಮ್ಮ ಅಮ್ಮನಿಗೂ ಹೀಗೇ ಆಗಿತ್ತು. ವ್ಯಾಯಾಮ ಬಿಡಬೇಡಿ. ಮಗಳನ್ನು ಶಾಲೆಗೆ ಎಲ್ಲಿ ಹಾಕುತ್ತೀರಿ? ನಮ್ಮ ಕಡೆ ಕನ್ನಡ ಸಂಘದ ಶಾಲೆ ಹತ್ತಿರ ಇದೆ, ಒಮ್ಮೆ ಬಂದು ನೋಡಿ.

ವಾಸ್ಕೋ ಹುಡುಗ
ಗೋವಾದಿಂದ ಒಂದು ಮಾತು. ಇಲ್ಲಿ ಪೌರತ್ವದ ಕಥೆಯೇ ಬೇರೆ. 1961ರ ಡಿಸೆಂಬರ್ 19ಕ್ಕಿಂತ ಮುಂಚೆ ಇಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಲಿಸ್ಬನ್‌ನಲ್ಲಿ ಜನನ ನೋಂದಣಿ ಮಾಡಿಸಿದರೆ ಪೋರ್ಚುಗಲ್ ಪೌರತ್ವಕ್ಕೆ ದಾರಿ ಇದೆ. ನಮ್ಮ ಕನ್ನಡದವರು ಹೆಚ್ಚಿನವರು ಬಂದರಿನ ಕೆಲಸ, ಕಟ್ಟಡದ ಕೆಲಸ ಅಂತ ಆಮೇಲೆ ಬಂದವರು, ನಮಗೆ ಅದು ಇಲ್ಲ. ಆದರೆ ಪಕ್ಕದ ಮನೆಯವರ ಕಷ್ಟ ಕಣ್ಣಾರೆ ಕಂಡೆ. ನೋಂದಣಿ ಮಾಡಿಸಿಟ್ಟರು, ಪೋರ್ಚುಗಲ್‌ಗೆ ಹೋಗಲೂ ಇಲ್ಲ, ಭಾರತದ ಪಾಸ್‌ಪೋರ್ಟನ್ನೇ ಬಳಸುತ್ತಿದ್ದರು. ಇಲ್ಲಿ ಅದು ಗೊತ್ತಾಗಿ ಪಾಸ್‌ಪೋರ್ಟ್ ರದ್ದು ಮಾಡಿದರು. ಒಪ್ಪಿಸಿದ ಪ್ರಮಾಣಪತ್ರ ಇಲ್ಲ ಅಂತ ಒಸಿಐ ಕೂಡ ಸಿಗದೆ ನಡುನೀರಲ್ಲಿ ನಿಂತರು. 2024ರ ಏಪ್ರಿಲ್‌ನಲ್ಲಿ ವಿದೇಶಾಂಗ ಸಚಿವಾಲಯ ರದ್ದತಿ ಆದೇಶವನ್ನೇ ಅದರ ಬದಲು ಒಪ್ಪಬಹುದು ಅಂದ ಮೇಲೆ ಅವರಿಗೆ ಉಸಿರು ಬಂತು. ಕಾಗದದ ಮೇಲೆ ಒಂದು ಸಹಿ ಎಷ್ಟು ದೂರ ಎಳೆದುಕೊಂಡು ಹೋಗುತ್ತದೆ ನೋಡಿ.

ಠಾಣೆ ಸುತ್ತಾಟ
ನಮ್ಮಣ್ಣನಿಗೆ ಅಮೆರಿಕದ ಗ್ರೀನ್ ಕಾರ್ಡ್ ಇದೆ, ಈಗ ಪುಣೆಯಲ್ಲಿದ್ದಾನೆ. ಅವನಿಗೂ ಹೀಗೇ ಲೆಕ್ಕನಾ?

ಪಿಂಪ್ರಿ ಸಿಎ
ಅಲ್ಲ, ಅಲ್ಲಿ ಜಾಸ್ತಿ ಬಿಗಿ. ಅಲ್ಲಿಯೇ ವಾಸ ಅನ್ನುವುದು ಮುರಿಯಬಾರದು. ಒಂದೇ ಸಲ ಆರು ತಿಂಗಳ ಮೇಲೆ ಹೊರಗಿದ್ದರೆ ಪೌರತ್ವದ ಲೆಕ್ಕಕ್ಕೆ ಪ್ರಶ್ನೆ ಬರುತ್ತದೆ, ಒಂದು ವರ್ಷ ದಾಟಿದರೆ ಲೆಕ್ಕವೇ ತುಂಡಾಗುತ್ತದೆ. ಗ್ರೀನ್ ಕಾರ್ಡನ್ನೇ ಬಿಟ್ಟುಕೊಟ್ಟ ಹಾಗೆ ಅಂತಲೂ ಅನ್ನಬಹುದು. ಹೊರಡುವ ಮೊದಲೇ ಮರುಪ್ರವೇಶ ಪರವಾನಗಿ ತೆಗೆದುಕೊಂಡಿದ್ದರೆ ಎರಡು ವರ್ಷದ ತನಕ ಸ್ವಲ್ಪ ಆಸರೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.

ಔಂಧ್ ಅಣ್ಣ
ಕನ್ನಡತಿ ಅವರೇ, ಕೆಲಸದ ಮಾತಿಗೆ ಬರುತ್ತೇನೆ. ಅರ್ಜಿಯ ದಿನ ಕೆನಡಾದಲ್ಲೇ ಇರಬೇಕು ಅಂತಿಲ್ಲ, ದಿನದ ಲೆಕ್ಕ ತುಂಬಿದ್ದರೆ ಆಯಿತು. ಐದರಲ್ಲಿ ಮೂರು ವರ್ಷದ ತೆರಿಗೆ ಲೆಕ್ಕಪತ್ರ ಸಲ್ಲಿಸಿರಬೇಕು, ನೀವು 2021ರಿಂದ ಸಲ್ಲಿಸಿರುತ್ತೀರಿ. ಇಂಗ್ಲಿಷ್‌ನಲ್ಲಿ ಓದಿದ ಪದವಿಯ ಅಂಕಪಟ್ಟಿ ಇದ್ದರೆ ಭಾಷೆಗೆ ಅದೇ ಸಾಕ್ಷಿ. ಪರೀಕ್ಷೆಯಲ್ಲಿ 20 ಪ್ರಶ್ನೆ, 15 ಸರಿ ಇರಬೇಕು. ಕಳೆದ ನಾಲ್ಕು ವರ್ಷದಲ್ಲಿ ಬೇರೆ ದೇಶದಲ್ಲಿ ಸತತವಾಗಿ 183 ದಿನ ಅಥವಾ ಜಾಸ್ತಿ ಇದ್ದರೆ ಆ ದೇಶದ ಪೊಲೀಸ್ ಪ್ರಮಾಣಪತ್ರ ಬೇಕು. ನೀವು ಇಲ್ಲಿ ಹದಿನೈದು ತಿಂಗಳಿಂದ ಇದ್ದೀರಿ, ಆದ್ದರಿಂದ ಭಾರತದ್ದು ಬೇಕೇ ಬೇಕು.

ಈಗ ಯಾರೂ ಹೇಳದ ಒಂದು ಮಾತು. ಪ್ರಮಾಣ ವಚನ ಹೇಳುವಾಗ ಕೆನಡಾದ ನೆಲದಲ್ಲೇ ಇರಬೇಕು. ಹೇಳಿದ ಕ್ಷಣದಿಂದ ನೀವು ಭಾರತದ ಪ್ರಜೆ ಅಲ್ಲ. ಹೊಸ ಪಾಸ್‌ಪೋರ್ಟ್ ಬರಬೇಕು, ಹಳೆಯದನ್ನು ಒಪ್ಪಿಸಬೇಕು, ಆಮೇಲೆ ಭಾರತದ ವೀಸಾ ಇಲ್ಲವೇ ಒಸಿಐ. ನನಗೆ ಇದಕ್ಕೆ ಆರು ವಾರ ಹಿಡಿಯಿತು. ಆ ಆರು ವಾರದ ನಡುವೆ ನಮ್ಮ ತಂದೆ ತೀರಿಕೊಂಡರು. ಬರಲು ಆಗಲಿಲ್ಲ. ತಮ್ಮ ಕೊಳ್ಳಿ ಇಟ್ಟ. ನಾನು ಅಲ್ಲಿ ಫೋನ್ ಹಿಡಿದುಕೊಂಡು ಕೂತಿದ್ದೆ. ಇಬ್ಬರೂ ಒಟ್ಟಿಗೆ ಹೋಗಬೇಡಿ. ಇಷ್ಟೇ ನಾನು ಹೇಳಬೇಕಾದದ್ದು.

ಡೊಂಬಿವಲಿ ರಾಯರು
ಅಣ್ಣಾ, ಇಷ್ಟು ದೊಡ್ಡ ನೋವು ನುಂಗಿಕೊಂಡು ಬೇರೆಯವರಿಗೆ ದಾರಿ ಹೇಳುತ್ತಿದ್ದೀರಿ. ನಮಸ್ಕಾರ ನಿಮಗೆ.

ಹಿಂಜವಡಿ ಟೆಕ್ಕಿ
ಔಂಧ್ ಅಣ್ಣ ಹೇಳಿದ್ದಕ್ಕೆ ಇದನ್ನು ಸೇರಿಸುತ್ತೇನೆ. ಇಬ್ಬರಲ್ಲಿ ಒಬ್ಬರು ಮಾತ್ರ ಕೆನಡಾ ಪ್ರಜೆಯಾದರೂ ದಾರಿ ಇದೆ. ಪಿಆರ್ ಉಳಿಸಿಕೊಳ್ಳಲು ಐದು ವರ್ಷದಲ್ಲಿ 730 ದಿನ ಸಾಕು. ಪ್ರಜೆಯಾದ ಗಂಡನ ಜೊತೆ ಹೊರದೇಶದಲ್ಲಿ ಇದ್ದ ದಿನಗಳೂ ಆ 730ಕ್ಕೆ ಸೇರುತ್ತವೆ. ಪೌರತ್ವದ 1,095ಕ್ಕೆ ಮಾತ್ರ ಸೇರುವುದಿಲ್ಲ.

ಪಿಂಪ್ರಿ ಸಿಎ
ಒಳ್ಳೆಯ ಮಾತು, ಆದರೆ ಅದನ್ನೇ ನಂಬಿ ಕೂರಬೇಡಿ. ಯಾರ ಜೊತೆ ಯಾರು ಹೋದರು ಅಂತ ಅಧಿಕಾರಿ ಕೇಳುವುದುಂಟು.

ಲೆಕ್ಕದ ಮೇಷ್ಟ್ರು, ಚಿಂಚವಾಡ
ಅದಿಲ್ಲದೆಯೂ ತಾಯಿಗೆ ಸಮಯ ಇದೆ. 1,155ರಲ್ಲಿ 425 ದಿನ ಉದುರುವ ತನಕ 730ಕ್ಕೆ ಕೊರತೆ ಇಲ್ಲ. ಅಂದರೆ 2027ರ ಸೆಪ್ಟೆಂಬರ್ ತನಕ ಪಿಆರ್ ಗಟ್ಟಿ. ಕಾರ್ಡಿನ ಅವಧಿ ಮಾತ್ರ ಈ ವರ್ಷವೇ ಮುಗಿಯುತ್ತಿರಬೇಕು, ನೋಡಿಕೊಳ್ಳಿ. ಕಾರ್ಡ್ ಮುಗಿದರೆ ಪಿಆರ್ ಹೋಗುವುದಿಲ್ಲ. ಆದರೆ ಇಲ್ಲಿಂದ ವಿಮಾನ ಹತ್ತಲು ಬೇರೆ ಪ್ರಯಾಣ ದಾಖಲೆ ಮಾಡಿಸಬೇಕಾಗುತ್ತದೆ.

ಠಾಣೆ ಸುತ್ತಾಟ
ಆಸ್ಟ್ರೇಲಿಯಾ ಪಿಆರ್ ಕಥೆ ಏನಾಯಿತು ಕೊನೆಗೆ?

ಔಂಧ್ ಅಣ್ಣ
ಅದು ಐದು ವರ್ಷದ ಓಡಾಟದ ಅನುಮತಿ, ಇವರದ್ದು 2027ರ ಸೆಪ್ಟೆಂಬರ್ ತನಕ. ಅಷ್ಟರೊಳಗೆ ಹೋಗಿ ನೆಲೆಸದಿದ್ದರೆ, ಹೊರಗಿದ್ದಾಗಲೇ ಅವಧಿ ಮುಗಿದರೆ, ತಾನಾಗಿಯೇ ಕೈ ತಪ್ಪುತ್ತದೆ. ಐದು ವರ್ಷದ ಹೊಸ ಅನುಮತಿಗೆ ಅಲ್ಲಿ ಎರಡು ವರ್ಷ ಇದ್ದಿರಬೇಕು. ಕೆನಡಾ ಪಾಸ್‌ಪೋರ್ಟ್ ಬಂದರೆ ಅಲ್ಲಿನ ದಾಖಲೆಯಲ್ಲಿ ಹೊಸ ನಂಬರ್ ಸೇರಿಸಿದರೆ ಆಯಿತು.

ಕೋಥ್ರೂಡ್ ಕನ್ನಡತಿ
ಎರಡು ದಿನ ಬರೆಯಲಿಲ್ಲ, ಕ್ಷಮಿಸಿ. ಔಂಧ್ ಅಣ್ಣನ ಮಾತು ಓದಿದ ಮೇಲೆ ಏನು ಬರೆಯಬೇಕು ತೋಚಲಿಲ್ಲ.

ನಿನ್ನೆ ರಾತ್ರಿ ಊಟ ಆದ ಮೇಲೆ ಎಲ್ಲರೂ ಕೂತು ಮಾತಾಡಿದೆವು. ಮಾವನಿಗೆ ಮಾತು ಸ್ವಲ್ಪ ತೊದಲುತ್ತದೆ, ಆದರೆ ತಲೆ ಚುರುಕು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎಡಗೈಯಲ್ಲಿ ಮಗನನ್ನು ತೋರಿಸಿ "ಇವನು ಹಾಕಲಿ" ಅಂದರು. ನನ್ನ ಕಡೆ ತಿರುಗಿ "ನಿನ್ನ ಮನಸ್ಸು ಹೇಳು" ಅಂದರು. ಈ ಮನೆಗೆ ಬಂದು ಹನ್ನೆರಡು ವರ್ಷ ಆಯಿತು. ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ನನಗೆ ಈಗ ಬೇಡ ಮಾವ ಅಂದೆ. ಹೇಳಿದ ಮೇಲೆ ಎದೆ ಹಗುರಾಯಿತು.

ಮನೆಯವರು ಏಪ್ರಿಲ್‌ನಲ್ಲೇ ಅರ್ಜಿ ಹಾಕುತ್ತಾರೆ, ಆಸ್ಟ್ರೇಲಿಯಾ ವಿಷಯ ಪೂರ್ತಿ ಬರೆದು. ಪ್ರಮಾಣ ವಚನಕ್ಕೆ ಕರೆ ಬಂದಾಗ ಅವರೊಬ್ಬರೇ ಹೋಗುತ್ತಾರೆ. ನಾನೂ ಮಗಳೂ ಇಲ್ಲಿ ಇರುತ್ತೇವೆ. ಸೆಪ್ಟೆಂಬರ್ 10 ನನ್ನ ಪಾಲಿಗೆ ದಾಟಿ ಹೋಗುತ್ತದೆ ಅಂತ ಗೊತ್ತಿದೆ. ಮುಂದೆ ಬೇಕು ಅನ್ನಿಸಿದರೆ ಮತ್ತೆ ಅಲ್ಲಿ ಇದ್ದು ದಿನ ಕೂಡಿಸಬೇಕು. ಅದಕ್ಕೂ ತಯಾರಿದ್ದೇನೆ.

ಒಂದೇ ಪ್ರಶ್ನೆ ಉಳಿದಿದೆ. ಪೊಲೀಸ್ ಪ್ರಮಾಣಪತ್ರಕ್ಕೆ ಠಾಣೆಯಲ್ಲೇ ಕೇಳಬೇಕಾ, ಪಾಸ್‌ಪೋರ್ಟ್ ಕಚೇರಿಯಲ್ಲಾ?

ಗಣೇಶನಗರ ಅಮ್ಮ
ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ, 500 ರೂಪಾಯಿ. ದಿನ ಗೊತ್ತು ಮಾಡಿಕೊಂಡು ಸೇವಾ ಕೇಂದ್ರಕ್ಕೆ ಹೋಗಿ, ಮೂಲ ಪಾಸ್‌ಪೋರ್ಟ್ ಮರೆಯಬೇಡಿ. ಆಮೇಲೆ ಬೇಕಾದರೆ ಠಾಣೆಯವರು ವಿಳಾಸ ನೋಡಲು ಮನೆಗೆ ಬರುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಹಳೆ ವಿಳಾಸ ಇದ್ದರೆ ಈಗಿನ ಮನೆಯ ಲೈಟ್ ಬಿಲ್ ಜೊತೆಗಿಟ್ಟುಕೊಳ್ಳಿ. ಅವರು ಬರುವ ದಿನ ನಿಮ್ಮ ಯಜಮಾನರು ಮನೆಯಲ್ಲೇ ಇರಲಿ.

ಕೋಥ್ರೂಡ್ ಕನ್ನಡತಿ
ಲೈಟ್ ಬಿಲ್ ಮಾವನ ಹೆಸರಲ್ಲಿದೆ ಅಮ್ಮಾ, ನಡೆಯುತ್ತಾ?

ಗಣೇಶನಗರ ಅಮ್ಮ
ನಿಮ್ಮ ಯಜಮಾನರ ಆಧಾರ್‌ನಲ್ಲಿ ಅದೇ ವಿಳಾಸ ಇದ್ದರೆ ಅದನ್ನೇ ಕೊಡಿ. ಹಾಗೇ ಭಾನುವಾರ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬನ್ನಿ, ಶಾಲೆಯ ವಿಷಯವೂ ಮಾತಾಡೋಣ.